ಅಂಗಳದಲ್ಲಿ ಎದ್ದು ಅಟ್ಟದಲ್ಲಿ ಮಲಗುವ ಚಪ್ಪರ

ಮಳೆ ಹೊಳವಾಗಿ ನಾಲ್ಕು ಬಿಸಿಲು ಬಿದ್ದರೆ ಸಾಕು, ಹೊಸನಗರ ತಾಲ್ಲೂಕಿನ ನಗರ ಸೀಮೆಯಲ್ಲಿ ಹಾರೆಯ ಸದ್ದು ಶುರುವಾಗುತ್ತದೆ. ರಸ್ತೆಗೆ ಕಾಣುವುದು ಅಡಿಕೆ ತೋಟದ ತಲೆ ಮಾತ್ರ, ಮನೆ ಕಾಣದು. ಸದ್ದಿನ ಜಾಡು ಹಿಡಿದು ಕಾಲುದಾರಿಯಲ್ಲಿ ಇಳಿದರೆ ಬೇಲಿ ಬಾಗಿಲಿನ ದಣಪೆ, ದಣಪೆ ದಾಟಿದರೆ ಅಂಗಳ. ನವರಾತ್ರಿ ಮುಗಿದಿದೆ, ದೀಪಾವಳಿ ಹತ್ತಿರವಿದೆ. ಅಡಿಕೆ ಕೊನೆ ಇಳಿಸುವ ಕೊನೆಗಾರ ಮರ ಹತ್ತುವ ಮೊದಲು ಇಲ್ಲಿ ಅಡಿಕೆ ಚಪ್ಪರ ಏಳಬೇಕು.

ಚಪ್ಪರವೆಂದರೆ ಮದುವೆ ಮನೆಯದ್ದೇ ನೆನಪಾಗುವ ಬಯಲುಸೀಮೆಯವರಿಗೆ ಇದು ಬೇರೆಯೇ ಲೋಕ. ಆಳೆತ್ತರ ಮೀರಿದ ಕಂಬಗಳ ಮೇಲೆ ಅಂಗಳದಷ್ಟೇ ಅಗಲವಾದ ಹಾಸು. ಬೇಯಿಸಿದ ಅಡಿಕೆ ಒಣಗುವುದು ಅದರ ಮೇಲೆ. ಕೆಳಗೆ ಬಿಟ್ಟಿಯಾಗಿ ಸಿಕ್ಕ ನೆರಳಿನಲ್ಲಿ ಮನೆಯ ಅರ್ಧ ಕೆಲಸ ನಡೆಯುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಕಾಣುವ ಈ ಚಪ್ಪರದ ಆಯುಸ್ಸು ಏಳೆಂಟು ತಿಂಗಳು. ಮುಂಗಾರು ಬರುವ ಮೊದಲು ಅದು ತುಂಡು ತುಂಡಾಗಿ ಕೊಟ್ಟಿಗೆಯ ಅಟ್ಟ ಸೇರುತ್ತದೆ, ಮಳೆ ಕಳೆದ ಮೇಲೆ ಅವೇ ತುಂಡುಗಳಿಂದ ಮತ್ತೆ ಎದ್ದು ನಿಲ್ಲುತ್ತದೆ. ಬಿಚ್ಚುವುದಕ್ಕೆಂದೇ ಕಟ್ಟುವ ಕಟ್ಟಡ ಇದು. ಇದರ ಜಾಣತನವೆಲ್ಲ ಆ ಬಿಚ್ಚುವುದರಲ್ಲೇ ಇದೆ.

ಅಟ್ಟದಿಂದ ಇಳಿದ ಸಾಮಾನು

ಮೊದಲ ಕೆಲಸ ಅಂಗಳದ್ದು. ಮಳೆಗಾಲವಿಡೀ ನೀರು ಕುಡಿದ ನೆಲಕ್ಕೆ ಪಾಚಿ ಕಟ್ಟಿದೆ, ಅಂಚಿನಲ್ಲಿ ಹುಲ್ಲು ಮೊಣಕಾಲು ಮುಟ್ಟಿದೆ. ಹೆಂಗಸರು ಗುದ್ದಲಿಯಿಂದ ಅಂಗಳ ಕೆತ್ತುತ್ತಿದ್ದಾರೆ. ಜಗಲಿಗೆ ಇರಚಲು ಹೊಡೆಯದಂತೆ ಕಟ್ಟಿದ್ದ ಸೋಗೆಯ ತಟ್ಟಿಗಳನ್ನು ಬಿಚ್ಚಿ ಗೊಬ್ಬರಗುಂಡಿಗೆ ಸಾಗಿಸಿಯಾಗಿದೆ. ಅಷ್ಟರಲ್ಲಿ ಇಬ್ಬರು ಅಟ್ಟದ ಮೇಲಿಂದ ಒಂದೊಂದೇ ಸಾಮಾನು ಕೆಳಗೆ ಕೊಡುತ್ತಾರೆ, ಕೆಳಗಿದ್ದವರು ಬಗೆಗೊಂದು ರಾಶಿಯಂತೆ ಜೋಡಿಸುತ್ತಾರೆ.

ಸಾಮಾನು ಹೆಚ್ಚೇನಿಲ್ಲ. ತಲೆಯಲ್ಲಿ ಕವೆ ಇರುವ ಕಾಡುಮರದ ಕಂಬಗಳು ಒಂದು ಕಡೆ. ಅಡ್ಡ ಹಾಯಿಸಲು ಇಡೀ ಅಡಿಕೆ ಮರಗಳು, ಬಿದಿರಿನ ಗಳಗಳು ಇನ್ನೊಂದು ಕಡೆ. ಎಲ್ಲಕ್ಕಿಂತ ದೊಡ್ಡ ರಾಶಿ ದಬ್ಬೆಯದು. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಕೆತ್ತಿ ತೆಗೆದು, ಒಣಗಿಸಿದ ಪಟ್ಟಿಗಳಿವು. ತೇಗ, ಮತ್ತಿಗಳ ಗಟ್ಟಿತನವಿರುವುದು ನಡುವಿನ ಕೆಚ್ಚಿನಲ್ಲಿ. ಅಡಿಕೆಯದು ತದ್ವಿರುದ್ಧ, ಗಟ್ಟಿತನವೆಲ್ಲ ಹೊರಮೈಯಲ್ಲಿ. ತಿರುಳು ಉಳಿಸಿದರೆ ತೇವ ಹಿಡಿದು ಕುಟ್ಟೆ ಬೀಳುತ್ತದೆ. ತಿರುಳು ಹೋದ ದಬ್ಬೆ ಹಗುರ, ಬಾಗಿದರೂ ಮುರಿಯದು. ಎಳೆ ಮರದ ದಬ್ಬೆ ಭಾರಕ್ಕೆ ಜಗ್ಗುತ್ತದೆಂದು ಅದನ್ನು ಯಾರೂ ಬಳಸುವುದಿಲ್ಲ. ವಯಸ್ಸಾಗಿ ಫಸಲು ನಿಲ್ಲಿಸಿದ ಮರ, ಗಾಳಿಗೆ ಬಿದ್ದ ಮರ, ರೋಗಕ್ಕೆ ಸತ್ತ ಮರ ಈ ರಾಶಿಗೆ ಬರುತ್ತವೆ. ತೋಟದಲ್ಲಿ ಸತ್ತದ್ದು ಅಂಗಳದಲ್ಲಿ ಇನ್ನಷ್ಟು ವರ್ಷ ದುಡಿಯುತ್ತದೆ.

ಕಂಬಗಳ ಬುಡದ ಹತ್ತಿರ ಕತ್ತಿಯಿಂದ ಹೊಡೆದ ಕಚ್ಚುಗಳಿವೆ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಮೂರು.

“ಒಂದು ಕಚ್ಚಿಂದು ಜಗಲಿ ಸಾಲು, ಎರಡು ಕಚ್ಚಿಂದು ನಡು ಸಾಲು, ಮೂರಿದ್ರೆ ಬಾವಿ ಕಡೇದು,” ಎಂದರು ಮನೆಯ ಯಜಮಾನರು. “ಅಂಗಳ ಆ ಕಡೆಗೆ ಸ್ವಲ್ಪ ಇಳಿಜಾರು ಮಾರಾಯ್ರೆ. ಕಂಬ ಅದಲು ಬದಲಾದ್ರೆ ಚಪ್ಪರ ವಾಲ್ತದೆ. ನಮ್ಮ ಅಪ್ಪಯ್ಯ ಹಾಕಿದ ಗುರುತು ಇದು.”

ಕುಳಿ, ಕಂಬ, ಅಡ್ಡ

ಕಂಬದ ಕುಳಿ ತೆಗೆಯಲು ಇದೇ ಸರಿಯಾದ ಹೊತ್ತು. ಜಂಬಿಟ್ಟಿಗೆ ಸೀಮೆಯ ಈ ಕೆಂಪು ಮಣ್ಣು ಹಸಿಯಿರುವಾಗ ಹಾರೆಗೆ ಬಗ್ಗುತ್ತದೆ, ಒಣಗಿತೆಂದರೆ ಕಲ್ಲಾಗುತ್ತದೆ. ಹಳೆಯ ಕುಳಿಗಳು ಎಲ್ಲಿದ್ದವೆಂದು ಹುಡುಕಬೇಕಾಗಿಲ್ಲ. ಆ ಜಾಗದಲ್ಲಿ ಮಣ್ಣು ಸಡಿಲ, ಹಾರೆ ತಾನೇ ಇಳಿಯುತ್ತದೆ. ಒಂದೂವರೆ ಅಡಿ ಆಳಕ್ಕೆ ಹೋದ ಮೇಲೆ ತಳಕ್ಕೊಂದು ಚಪ್ಪಟೆ ಕಲ್ಲು. ಕಂಬದ ಬುಡವನ್ನು ಒರಲೆ ಹಿಡಿಯದಂತೆ ಬೆಂಕಿಯಲ್ಲಿ ಹೊರಳಿಸಿ ಕರಿ ಮಾಡಿದ್ದಾರೆ. ನಿಲ್ಲಿಸಿ, ಸುತ್ತ ಕಲ್ಲುಚೂರು ತುಂಬಿ, ಹಾರೆಯ ಹಿಂದಲೆಯಿಂದ ಜಡಿದರೆ ಕಂಬ ಅಲುಗುವುದಿಲ್ಲ.

ನಾಲ್ಕು ಮೂಲೆಯ ಕಂಬ ಮೊದಲು. ಮೂಲೆಯಿಂದ ಮೂಲೆಗೆ ದಾರ ಎಳೆದು ನಡುವಿನವನ್ನು ಸಾಲಿಗೆ ತರುತ್ತಾರೆ. ಎತ್ತರದ ಅಳತೆಗೆ ಟೇಪು ಬೇಡ. ತಲೆಯ ಮೇಲೆ ಅಡಿಕೆ ಬುಟ್ಟಿ ಹೊತ್ತವರು ಬಗ್ಗದೆ ಓಡಾಡಬೇಕು, ಏಣಿ ಇಟ್ಟು ಹತ್ತುವುದೂ ಸುಲಭವಾಗಿರಬೇಕು. ಈ ಎರಡರ ನಡುವೆ ಸಿಗುವುದೇ ಎತ್ತರ. ಬಾವಿಯ ಕಡೆಗೆ ಗೇಣಿನಷ್ಟು ಇಳುಕಲು ಬಿಡುತ್ತಾರೆ. ಮಂಜಿನ ನೀರು, ಕಾರ್ತಿಕದ ಅಕಾಲ ಮಳೆ ಹಾಸಿನ ಮೇಲೆ ನಿಲ್ಲದೆ ಹರಿದುಹೋಗಲಿ ಎಂದು.

ಕವೆಗಳ ಮೇಲೆ ಅಡಿಕೆ ಮರ ಮಲಗಿಸುವಾಗ ಮಾತ್ರ ನಾಲ್ಕಾರು ಜನ ಬೇಕು. ಹಿಂದೆ ಈ ದಿನಕ್ಕೆ ಮುಯ್ಯಾಳು ಬರುತ್ತಿದ್ದರು. ಇಂದು ನಮ್ಮಲ್ಲಿ, ನಾಳೆ ನಿಮ್ಮಲ್ಲಿ ಎಂಬ ಲೆಕ್ಕದ ಮೇಲೆ ಕೇರಿಯ ಎಲ್ಲ ಚಪ್ಪರಗಳೂ ಒಂದು ವಾರದಲ್ಲಿ ಏಳುತ್ತಿದ್ದವು. ಈಗ ಮುಯ್ಯಾಳಿನ ಜಾಗದಲ್ಲಿ ಕೂಲಿಯಾಳು, ಕೂಲಿಯಾಳು ಸಿಗದಿದ್ದರೆ ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಕ್ಕಳು.

ದಬ್ಬೆ ಹಾಸುವ ಲೆಕ್ಕ

ಅಡ್ಡ ಮರಗಳ ಮೇಲೆ ಬಿದಿರಿನ ಗಳ, ಗಳದ ಮೇಲೆ ದಬ್ಬೆ. ನೋಡಲು ಸುಲಭ, ಆದರೆ ಹೊಸಬರ ಕೈಯಲ್ಲಿ ಹಾಸು ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಅಡಿಕೆ ಮರ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ದಬ್ಬೆಯೂ ಹಾಗೆಯೇ. ಆದ್ದರಿಂದ ಒಂದರ ಬುಡದ ಪಕ್ಕಕ್ಕೆ ಮತ್ತೊಂದರ ತುದಿ ಬರುವಂತೆ ತಿರುಗಿಸಿ ತಿರುಗಿಸಿ ಇಡಬೇಕು. ನುಣುಪಾದ ಹೊರಮೈ ಮೇಲಕ್ಕೆ, ನಾರು ಕಾಣುವ ಒಳಮೈ ಕೆಳಕ್ಕೆ. ಇಲ್ಲದಿದ್ದರೆ ನಾರಿನಲ್ಲಿ ಅಡಿಕೆ ಸಿಕ್ಕಿ, ಗುಡಿಸುವಾಗ ಸಿಬಿರೇಳುತ್ತದೆ. ಎರಡು ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡುವುದು ಗಾಳಿಗೆ. ಮೇಲಿನ ಬಿಸಿಲಿನಷ್ಟೇ ಕೆಳಗಿನಿಂದ ಏಳುವ ಗಾಳಿಯೂ ಅಡಿಕೆ ಒಣಗಲು ಬೇಕು. ಇದೇ ಕಾರಣಕ್ಕೆ ನೆಲದ ಮೇಲೆ ಹರವಿದ್ದು ಚಪ್ಪರದ ಮೇಲಿನದ್ದರಷ್ಟು ಬೇಗ ಒಣಗುವುದಿಲ್ಲ.

ಕಟ್ಟಲು ಒಂದು ಕಾಲಕ್ಕೆ ಕಾಡಿನ ಬಳ್ಳಿಯಿತ್ತು. ಹಸಿಯಾಗಿ ಬಿಗಿದರೆ ಒಣಗುತ್ತ ಇನ್ನಷ್ಟು ಬಿಗಿಯುತ್ತಿತ್ತು. ಈಗ ನೈಲಾನ್ ಹಗ್ಗ, ಕಂಬದ ತಲೆಗೆ ತಂತಿ. ಒಂದು ಪದ್ಧತಿ ಮಾತ್ರ ಬದಲಾಗಿಲ್ಲ. ಮೊಳೆ ಹೊಡೆಯುವುದಿಲ್ಲ. ಮೊಳೆ ಹೊಡೆದ ದಬ್ಬೆ ಸೀಳುತ್ತದೆ, ಕೀಳುವಾಗ ತುಂಡಾಗುತ್ತದೆ, ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಗಂಟು ಹಾಕುವಾಗಲೇ ಅದನ್ನು ಬಿಚ್ಚುವವರ ಕೈ ನೆನಪಿರಬೇಕು, ಹಗ್ಗದ ತುದಿ ಯಾವಾಗಲೂ ಹೊರಮುಖವಾಗಿರಬೇಕು ಎಂದು ದಬ್ಬೆ ಬಿಗಿಯುತ್ತಿದ್ದ ಹಿರಿಯರೊಬ್ಬರು ಪಕ್ಕದ ಹುಡುಗನಿಗೆ ಹೇಳುತ್ತಿದ್ದರು. ಅವನು ತನ್ನ ಮೂರು ಗಂಟು ಬಿಚ್ಚಿ ಮತ್ತೆ ಹಾಕಿದ.

ಮೇಲೆ ಬಿಸಿಲು, ಕೆಳಗೆ ನೆರಳು

ದಬ್ಬೆಯ ಮೇಲೆ ಬಿದಿರ ಚಾಪೆಯೋ ನೆಟ್ಟೋ ಬಿದ್ದರೆ ಚಪ್ಪರ ಸಿದ್ಧ. ಇನ್ನು ಮೂರು ತಿಂಗಳು ಮನೆಯ ಜೀವ ಇಲ್ಲೇ. ತೋಟದಿಂದ ಬಂದ ಹಸಿ ಅಡಿಕೆಯನ್ನು ಈ ನೆರಳಿನಲ್ಲೇ ಸುರಿದು, ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಾರೆ. ಸುಲಿಯುವ ಯಂತ್ರ ಬಂದ ಮನೆಯಲ್ಲಿ ರಾತ್ರಿಯ ಹರಟೆ ಕಡಿಮೆಯಾಗಿದೆ, ನೆರಳಿನ ಅಗತ್ಯ ಕಡಿಮೆಯಾಗಿಲ್ಲ. ಸುಲಿದದ್ದು ಹಂಡೆಯಲ್ಲಿ ಅಡಿಕೆಯ ಕೆಂಪು ರಸವಾದ ಚೊಗರಿನಲ್ಲಿ ಬೇಯುತ್ತದೆ, ಬೆಂದದ್ದು ಏಣಿ ಹತ್ತುತ್ತದೆ. ಏಳೆಂಟು ಬಿಸಿಲು ಕಂಡರೆ ಕೆಂಪಡಿಕೆ. ಸುಲಿಯದೆ ಇಡಿಯಾಗಿ ಒಣಗಿಸುವ ಚಾಲಿಗಾದರೆ ಒಂದೂವರೆ ತಿಂಗಳಿನಷ್ಟು ಬಿಸಿಲು ಬೇಕು.

ಒಮ್ಮೆಗೆ ಬೆಂದ ಒಂದೊಂದು ಒಬ್ಬೆಗೂ ಚಪ್ಪರದ ಮೇಲೆ ಬೇರೆ ಬೇರೆ ಜಾಗ. ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಮಾರುಕಟ್ಟೆಯಲ್ಲಿ ಬೇರೆ ಬೇರೆ ದರ ಪಡೆಯುವವು ಇಲ್ಲಿ ಬೆರೆಯಬಾರದು. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್‌ಗೆ ಹೋಗುವ ಚೀಲದ ದರ ಅರ್ಧ ನಿರ್ಧಾರವಾಗುವುದು ಈ ಹಾಸಿನ ಮೇಲೆ. ಒಂದು ರಾತ್ರಿ ಮಂಜಿಗೆ ಬಿಟ್ಟರೆ, ಒಂದು ಮಳೆಗೆ ಸಿಕ್ಕಿಸಿದರೆ ಬಣ್ಣ ಮಾಸುತ್ತದೆ, ಬೂಷ್ಟು ಬರುತ್ತದೆ. ಅದಕ್ಕೇ ಸಂಜೆ ಎಲ್ಲವನ್ನೂ ರಾಶಿ ಮಾಡಿ ಮುಚ್ಚುವುದು, ಬೆಳಿಗ್ಗೆ ಬಿಸಿಲೇರಿದ ಮೇಲೆ ಹರವುವುದು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಗರದ ಏಣಿಗಳ ಮೇಲೆ ಓಡಾಟ ಹೆಚ್ಚುತ್ತದೆ.

ಕಲ್ಲು ಉಳಿಯಿತು, ಮರ ಹೋಯಿತು

ಇಷ್ಟು ಕೆಲಸದ ಕಟ್ಟಡವನ್ನು ಒಮ್ಮೆ ಗಟ್ಟಿಯಾಗಿ ಕಟ್ಟಿ ಬಿಟ್ಟುಬಿಡಬಾರದೇಕೆ? ಉತ್ತರಕ್ಕೆ ನಗರದ ಕೋಟೆಗೆ ಹೋಗಬಹುದು. ಬಿದನೂರು ಎಂಬ ಹೆಸರಿನಿಂದ ಕೆಳದಿ ಅರಸರ ರಾಜಧಾನಿಯಾಗಿದ್ದ ಊರಿದು. ಆ ಅರಸರಲ್ಲಿ ಹೆಸರಾದ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಮೇಲೆ ಊರಿನ ಹೆಸರು ಬದಲಾಯಿತು. ರಸ್ತೆಯ ಪಕ್ಕದಲ್ಲೇ ಕೋಟೆಯ ಬಾಗಿಲು, ಒಳಗೆ ಅಕ್ಕ ತಂಗಿ ಕೊಳ, ಮೇಲೆ ದರ್ಬಾರಿನ ಜಗಲಿ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲೂ ಅರಮನೆಯ ಗುರುತಾಗಿ ಉಳಿದಿರುವುದು ಕಲ್ಲಿನ ಜಗಲಿ ಮತ್ತು ಕಂಬಗಳ ಬುಡ. ಯುದ್ಧಕ್ಕೆ, ಬೆಂಕಿಗೆ ಸಿಗದೆ ಉಳಿದ ಮರವನ್ನು ಮಳೆ ತಿಂದಿದೆ. ಸಾಗರದ ಹತ್ತಿರ ಇಕ್ಕೇರಿಯ ಅಘೋರೇಶ್ವರನ ಮುಂದಿನ ನಂದಿ ಮಂಟಪ ನಾಲ್ಕು ಶತಮಾನ ದಾಟಿಯೂ ನಿಂತಿದೆಯೆಂದರೆ ಅದು ಪೂರ್ತಿ ಕಲ್ಲಿನದೆಂಬ ಕಾರಣಕ್ಕೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಗರದಿಂದ ಘಟ್ಟದ ಕಡೆಗಿರುವ ಹುಲಿಕಲ್ಲು ಅದರೊಡನೆ ಪೈಪೋಟಿಗೆ ನಿಲ್ಲುವ ಊರು. ಇಂಥಲ್ಲಿ ಬಯಲಿನಲ್ಲಿ ನಿಲ್ಲುವ ಚಪ್ಪರಕ್ಕೆ ಎರಡೇ ದಾರಿ. ಅರಸರಿಗೆ ಕಲ್ಲು ಸಾಧ್ಯವಿತ್ತು. ತೋಟಿಗರು ಮಳೆ ಬರುವ ಮೊದಲು ಬಿಚ್ಚಿಡುವುದನ್ನು ಕಲಿತರು.

ಪೆಟ್ಟಿಗೆಯಲ್ಲಿ ಬಂದ ಚಪ್ಪರ

ಬಿಡಿಭಾಗವಾಗಿ ಬರುವ ಇನ್ನೊಂದು ಚಪ್ಪರವೂ ಈಗ ಈ ಸೀಮೆಗೆ ಬಂದಿದೆ. ಹತ್ತಿರದ ಹೋಂಸ್ಟೇಯೊಂದರ ಹಿತ್ತಲಲ್ಲಿ, ತೋಟದ ಕಡೆಗೆ ಮುಖ ಮಾಡಿದ ಗಜೀಬೋ ನಿಂತಿದೆ. ಆನ್‌ಲೈನಿನಲ್ಲಿ ತರಿಸಿದ್ದು. ಪೆಟ್ಟಿಗೆಯಲ್ಲಿ ನಂಬರು ಅಂಟಿಸಿದ ಕಬ್ಬಿಣದ ಕೊಳವೆಗಳು, ನಟ್ಟು ಬೋಲ್ಟಿನ ಪೊಟ್ಟಣ, ಮೇಲ್ಹೊದಿಕೆಯ ಬಟ್ಟೆ, ಜೊತೆಗೆ ಚಿತ್ರ ಬರೆದ ಒಂದು ಹಾಳೆ. ಇಬ್ಬರು ಸೇರಿ ಒಂದು ಮಧ್ಯಾಹ್ನದಲ್ಲಿ ನಿಲ್ಲಿಸಿದರಂತೆ. ಪ್ರವಾಸಿಗರು ಅಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ.

ಮೊದಲ ಆಷಾಢದ ಗಾಳಿಗೆ ಬಟ್ಟೆ ಹರಿಯಿತು, ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲು ಬಾರದಾದವು. ಕೂಡಿಸುವ ಕ್ರಮ ಹಾಳೆಯಲ್ಲಿ ಚೆನ್ನಾಗಿತ್ತು. ಯಾವಾಗ ಬಿಚ್ಚಬೇಕು, ಹೇಗೆ ಬಿಚ್ಚಬೇಕು ಎಂಬುದು ಅದರಲ್ಲಿ ಇರಲಿಲ್ಲ. ಹೋಂಸ್ಟೇಯವರು ಈಗ ಬಟ್ಟೆಯ ಬದಲು ಸೋಗೆ ಹೊದಿಸಿದ್ದಾರೆ, ಬೋಲ್ಟಿಗೆ ಗ್ರೀಸು ಹಚ್ಚಿದ್ದಾರೆ. ಪ್ರತಿ ವರ್ಷ ಸೋಗೆ ಬದಲಿಸುವುದು ಅವರಿಗೆ ಹೊಸ ವಿದ್ಯೆಯೇನಲ್ಲ.

ಕಬ್ಬಿಣದ ಕಾಲು, ಅಡಿಕೆಯ ಮೈ

ದಬ್ಬೆ ಚಪ್ಪರಗಳು ಕಡಿಮೆಯಾಗುತ್ತಿವೆ. ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಟ್ಟ ಮನೆಗಳಲ್ಲಿ ಅಂಗಳ ಖಾಲಿ. ಅವರ ಅಡಿಕೆ ಚೇಣಿದಾರರ ಕಣದಲ್ಲಿ ಬೇಯುತ್ತದೆ. ಕೆಲವರು ಅಂಗಳಕ್ಕೇ ಶೀಟಿನ ಮಾಡು ಹಾಕಿಸಿದ್ದಾರೆ. ಕೆಲವರು ಪೈಪಿನ ಚೌಕಟ್ಟಿಗೆ ಪಾರದರ್ಶಕ ಹಾಳೆ ಹೊದಿಸಿ ಒಣಗಿಸುವ ಮನೆ ಕಟ್ಟಿಕೊಂಡಿದ್ದಾರೆ. ಅದರಲ್ಲಿ ಮಳೆಯ ಭಯವಿಲ್ಲ, ಸಂಜೆ ಬೆಳಿಗ್ಗೆಯ ಓಟವಿಲ್ಲ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗೆ ಅದು ದೊಡ್ಡ ಆಸರೆ, ಅದನ್ನು ಹಳಿಯುವವರು ಒಮ್ಮೆ ಏಣಿ ಹತ್ತಿ ನೋಡಬೇಕು.

ನಾನು ಹೋಗಿದ್ದ ಮನೆಯಲ್ಲಿ ನಡುವಿನ ದಾರಿಯೊಂದನ್ನು ಯೋಚಿಸಿದ್ದಾರೆ. ಕವೆ ಇರುವ ಮರ ಕಾಡಿನಿಂದ ತರುವುದು ಈಗ ಸುಲಭವಲ್ಲ. ಮುಂದಿನ ವರ್ಷದಿಂದ ಜಿ.ಐ. ಪೈಪಿನ ಕಂಬ. ಅಂಗಳದಲ್ಲಿ ಸಿಮೆಂಟಿನ ಕುಳಿ ಮಾಡಿ, ಬೇಕಾದಾಗ ಕಂಬ ಇಳಿಸಿ, ಬೇಡದಾಗ ಎತ್ತಿ ಮುಚ್ಚಳ ಹಾಕುವುದು. ಹಾಸು ಮಾತ್ರ ದಬ್ಬೆಯದೇ.

“ಶೀಟಿನ ಮೇಲೆ ಹರವಿದ್ರೆ ಕೆಳಗಿಂದ ಗಾಳಿ ಎಲ್ಲಿಂದ ಬರ್ತದೆ? ಕಾಲು ಕಬ್ಬಿಣದ್ದಾಗ್ಲಿ, ಮೈ ಅಡಿಕೇದೇ ಇರ್ಲಿ,” ಎಂದರು ಯಜಮಾನರು.

ಪೈಪಿಗೆ ಕಚ್ಚು ಹಾಕಲು ಬರುವುದಿಲ್ಲ. ಅದಕ್ಕೆ ಸೊಸೆ ಈ ಸಲ ಪ್ರತಿ ಸಾಲಿನ ಫೋಟೊ ತೆಗೆದು, ಕಂಬಗಳಿಗೆ ಬಣ್ಣದಲ್ಲಿ ನಂಬರು ಬರೆದು, ಮಾವಯ್ಯ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾರೆ. ನನಗೂ ತೋರಿಸಿದರು. ಕಟ್ಟುವ ಕ್ರಮ ಕೆಳಗೆ ಎಲ್ಲೋ ಇತ್ತು. ಪಟ್ಟಿಯ ಮೊದಲ ಸಾಲು ಹೀಗಿತ್ತು: ಮೇ ತಿಂಗಳ ಮೊದಲ ಗುಡುಗು ಕೇಳಿದ ಮೇಲೆ ತಡ ಮಾಡಬಾರದು, ಬಾವಿಯ ಕಡೆಯಿಂದ ಬಿಚ್ಚಲು ಶುರು ಮಾಡಬೇಕು.