ಹಳೇ ಕೋಡು, ಹೊಸ ಪೈಥಾನು

ಪೈಥಾನ್ ಅಂದ ಕೂಡಲೇ ಹೆಬ್ಬಾವು ಅಂದುಕೊಳ್ಳಬೇಡಿ. ಕಂಪ್ಯೂಟರಿಗೆ ಕೆಲಸ ಹೇಳಲು ನಾವು ಬಳಸುವ ಭಾಷೆಯ ಹೆಸರದು. ಅದರ 3ನೇ ಆವೃತ್ತಿ ಬಂದದ್ದು 2008ರ ಡಿಸೆಂಬರಿನಲ್ಲಿ. 2ನೇ ಆವೃತ್ತಿಗೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಹನ್ನೊಂದು ವರ್ಷ ಸಮಯ ಕೊಟ್ಟರೂ ಹಳೇ ಕೋಡು ಎಷ್ಟೋ ಕಡೆ ಹಾಗೇ ಉಳಿದುಬಿಟ್ಟಿತು. ಓಡ್ತಿರೋದನ್ನ ಯಾಕೆ ಮುಟ್ಟಬೇಕು ಅನ್ನೋದು ಎಲ್ಲರ ವಾದ. ಆದರೆ ಅದರಲ್ಲಿ ಭದ್ರತೆಯ ಲೋಪ ಸಿಕ್ಕರೆ ಮೂಲದವರು ಇನ್ನು ಸರಿಮಾಡಿಕೊಡೋದಿಲ್ಲ.

ನನ್ನ ಕೈಗೆ ಬಂದದ್ದು ಅಂಥದ್ದೇ ಒಂದು ಪ್ರೋಗ್ರಾಂ. ಡೇರಿಗೆ ಹಾಲು ಹಾಕುವವರ ವಾರದ ಬಿಲ್ ಲೆಕ್ಕ ಹಾಕೋದು ಅದರ ಕೆಲಸ. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು.

ಹೊಸ ಪೈಥಾನಿನಲ್ಲಿ ಅದು ಶುರುವಾಗಲೇ ಇಲ್ಲ. 'ಪ್ರಿಂಟ್' ಪದದ ಮುಂದೆ ಈಗ ಆವರಣ ಚಿಹ್ನೆ ಬೇಕೇ ಬೇಕು. ಇಂಥ ತಪ್ಪಿಗೆ ಹೆದರಬೇಕಿಲ್ಲ. ಎಷ್ಟನೇ ಸಾಲು ಅಂತ ಕಂಪ್ಯೂಟರೇ ಹೇಳುತ್ತೆ, ತಿದ್ದಿಕೊಡುವ ಸಾಧನಗಳೂ ಇವೆ.

ಹೆದರಬೇಕಾದದ್ದು ಸದ್ದಿಲ್ಲದೆ ಬದಲಾಗುವ ಉತ್ತರಗಳಿಗೆ. 7ನ್ನು 2ರಿಂದ ಭಾಗಿಸಿದರೆ ಹಳೆಯದು 3 ಅನ್ನುತ್ತಿತ್ತು, ಹೊಸದು 3.5 ಅನ್ನುತ್ತೆ. 842.50 ರೂಪಾಯಿಯನ್ನು ರೌಂಡ್ ಮಾಡು ಅಂದರೆ ಹಳೆಯದು 843 ಕೊಡುತ್ತಿತ್ತು, ಹೊಸದು 842 ಕೊಡುತ್ತೆ. 843.50 ಆದರೆ ಎರಡರಲ್ಲೂ 844! ಸರಿಯಾಗಿ ಅರ್ಧ ಇದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗು ಅನ್ನೋದು ಹೊಸ ನಿಯಮ. ಯಾವಾಗಲೂ ಮೇಲಕ್ಕೇ ತಳ್ಳಿದರೆ ಒಟ್ಟು ಮೊತ್ತ ಉಬ್ಬುತ್ತಾ ಹೋಗುತ್ತೆ, ಹಾಗಾಗಿ ನಿಯಮದಲ್ಲಿ ತಪ್ಪೇನಿಲ್ಲ. ಆದರೆ ಹಾಲು ಹಾಕುವವರ ಜೊತೆಗಿನ ಒಪ್ಪಂದ, ಐವತ್ತು ಪೈಸೆ ಬಂದರೆ ಮೇಲಿನ ರೂಪಾಯಿ ಅಂತ. ಹಾಗೇ ಬಿಟ್ಟಿದ್ದರೆ ಕೆಲವರಿಗೆ ಕೆಲವು ವಾರ ಒಂದು ರೂಪಾಯಿ ಕಮ್ಮಿ ಬರ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ.

ಕೋಡಿಗೆ ಕೈ ಹಾಕುವ ಮೊದಲೇ ಮೂರು ತಿಂಗಳ ಹಳೇ ಬಿಲ್ಲುಗಳನ್ನು ತೆಗೆದಿಟ್ಟುಕೊಂಡಿದ್ದೆ. ಹೊಸ ಉತ್ತರಗಳನ್ನು ಅವುಗಳ ಪಕ್ಕ ಇಟ್ಟು ಹೋಲಿಸಿದಾಗಲೇ ಈ ವ್ಯತ್ಯಾಸ ಕಣ್ಣಿಗೆ ಬಿದ್ದದ್ದು. ಪೈಥಾನಿನಲ್ಲೇ ಇರುವ 'ಡೆಸಿಮಲ್' ಮಾಡ್ಯೂಲ್ ಬಳಸಿ, ಅರ್ಧ ಬಂದರೆ ಮೇಲಕ್ಕೆ ಅಂತ ಬಿಡಿಸಿ ಬರೆದೆ. ಮತ್ತೆ ಹೋಲಿಸಿದೆ, ಪೂರಾ ತಾಳೆಯಾಯ್ತು.

"ಒಂದು ರೂಪಾಯಿಗೆ ಇಷ್ಟೊಂದು ರಗಳೆನಾ?" ಅಂದರು ಸಹೋದ್ಯೋಗಿ. ಆ ರೂಪಾಯಿ ನಮ್ಮದಲ್ಲ, ಬೆಳಗಿನ ಜಾವ ಎದ್ದು ಹಾಲು ಕರೆದವರದು ಅಂದೆ.

ನಿಮ್ಮ ಆಫೀಸಲ್ಲೂ ಇಂಥ ಹಳೇ ಕೋಡು ಇರಬಹುದು. ಮೊದಲು ಅದರ ಹಳೇ ಉತ್ತರಗಳನ್ನು ಜೋಪಾನ ಮಾಡಿ. ಆಮೇಲೆ ಕೋಡು ಮುಟ್ಟಿ.