ಒಂದು ಡಿಜಿಟಲ್ ಸಹಿ, ಎರಡು ಇ-ಮೇಲ್ ವಿಳಾಸ: ಸಾಧ್ಯವೇ?

ಶಿರಾಳಕೊಪ್ಪ: ಟೆಂಡರ್ ಹಾಕುವ ಗುತ್ತಿಗೆದಾರರಿಗೆ, ಕಂಪೆನಿಗಳ ಜಿಎಸ್‌ಟಿ ವಿವರ ಸಲ್ಲಿಸುವವರಿಗೆ ಡಿಜಿಟಲ್ ಸಹಿ ಹೊಸದಲ್ಲ. ಪೆನ್ ಡ್ರೈವ್‌ನಂತೆ ಕಾಣುವ ಟೋಕನ್‌ನಲ್ಲಿರುವ ಪ್ರಮಾಣಪತ್ರವೇ ಈ ಸಹಿಗೆ ಆಧಾರ. ಅದರಲ್ಲಿ ಹೆಸರಿನೊಂದಿಗೆ ಸಾಮಾನ್ಯವಾಗಿ ಇ-ಮೇಲ್ ವಿಳಾಸವೂ ಇರುತ್ತದೆ. ಕಚೇರಿಗೊಂದು, ಸ್ವಂತಕ್ಕೊಂದು ವಿಳಾಸ ಇರಿಸಿಕೊಂಡವರು ಯಾವುದನ್ನು ನೀಡಬೇಕು?

ವಿಳಾಸಕ್ಕೆ ಪ್ರತ್ಯೇಕ ಸ್ಥಾನ

ಪ್ರಮಾಣಪತ್ರದ ರಚನೆಯನ್ನು ನಿರ್ಧರಿಸುವುದು ಎಕ್ಸ್.509 ಎಂಬ ಅಂತಾರಾಷ್ಟ್ರೀಯ ಮಾನದಂಡ. ಇದರ 3ನೇ ಆವೃತ್ತಿಯಲ್ಲಿ ಹೆಚ್ಚುವರಿ ಮಾಹಿತಿಗೆಂದೇ 'ಎಕ್ಸ್‌ಟೆನ್ಷನ್' ಎಂಬ ವಿಸ್ತರಣಾ ಭಾಗಗಳಿವೆ. ಹಿಂದೆ ಇ-ಮೇಲ್ ವಿಳಾಸವನ್ನು ಹೆಸರಿನ ಭಾಗದಲ್ಲೇ ಸೇರಿಸುವ ರೂಢಿಯಿತ್ತು. 2008ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5280 ಮಾನದಂಡದ ಪ್ರಕಾರ ಈ ರೂಢಿಯನ್ನು ಕೈಬಿಟ್ಟು, ವಿಳಾಸವನ್ನು 'ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್' ಎಂಬ ವಿಸ್ತರಣಾ ಭಾಗದಲ್ಲಿ ನಮೂದಿಸಬೇಕು.

ಈ ಭಾಗ ಒಂದು ಪಟ್ಟಿಯಿದ್ದಂತೆ. ಎರಡು ಅಥವಾ ಹೆಚ್ಚು ವಿಳಾಸಗಳಿಗೆ ಇಲ್ಲಿ ಅವಕಾಶವಿದೆ. ಆದರೆ ಅಲ್ಪವಿರಾಮ ಹಾಕಿ ಒಂದೇ ನಮೂದಿನಲ್ಲಿ ಎಲ್ಲವನ್ನೂ ಬರೆಯುವಂತಿಲ್ಲ. ಪ್ರತಿ ವಿಳಾಸವೂ ಪ್ರತ್ಯೇಕ ನಮೂದಾಗಿರಬೇಕು. ಇಲ್ಲಿನ ಸಾಮಾನ್ಯ ನಮೂದಿಗೆ ಇಂಗ್ಲಿಷ್ ಅಕ್ಷರಗಳ ವಿಳಾಸವಷ್ಟೇ ಹೊಂದುತ್ತದೆ. ಬಳಕೆದಾರರ ಹೆಸರು ಕನ್ನಡ ಲಿಪಿಯಲ್ಲಿರುವ ವಿಳಾಸಗಳಿಗಾಗಿ 2018ರಲ್ಲಿ ಬೇರೆಯೇ ಬಗೆಯ ನಮೂದನ್ನು ರೂಪಿಸಲಾಯಿತು.

ಎಲ್ಲಿ ತೊಡಕು?

ಸಹಿ ಮಾಡಿದ ಇ-ಮೇಲ್ ತಲುಪಿದಾಗ, ಕಳುಹಿಸಿದವರ ವಿಳಾಸ ಪ್ರಮಾಣಪತ್ರದಲ್ಲಿದೆಯೇ ಎಂದು ತಂತ್ರಾಂಶವು ಪರಿಶೀಲಿಸುತ್ತದೆ. ಇಲ್ಲದಿದ್ದರೆ ಎಚ್ಚರಿಕೆ ನೀಡುತ್ತದೆ. ತಂತ್ರಾಂಶವು ಪಟ್ಟಿಯ ಮೊದಲ ವಿಳಾಸವನ್ನಷ್ಟೇ ಓದಿದರೆ, ಎರಡನೆಯ ವಿಳಾಸದಿಂದ ಬಂದ ಪತ್ರವೂ ಸಂಶಯಕ್ಕೆ ಗುರಿಯಾಗುತ್ತದೆ. ಟೆಂಡರ್ ಅಥವಾ ಪಿಡಿಎಫ್ ಕಡತಕ್ಕೆ ಹಾಕುವ ಸಹಿಗೆ ಇಂತಹ ಹೋಲಿಕೆಯ ಅಗತ್ಯವಿಲ್ಲ.

ಒಮ್ಮೆ ವಿತರಿಸಿದ ಪ್ರಮಾಣಪತ್ರಕ್ಕೆ ನಂತರ ವಿಳಾಸ ಸೇರಿಸಲು ಬರುವುದಿಲ್ಲ. ವಿತರಿಸಿದ ಸಂಸ್ಥೆಯ ಸಹಿ ಅದರ ಪ್ರತಿಯೊಂದು ಅಂಶಕ್ಕೂ ಅನ್ವಯಿಸುವುದರಿಂದ, ಒಂದಕ್ಷರ ಬದಲಾದರೂ ಅದು ಅಸಿಂಧು. ವಿಳಾಸ ಬದಲಾದರೆ ಹೊಸ ಪ್ರಮಾಣಪತ್ರವನ್ನೇ ಪಡೆಯಬೇಕು.

ಸ್ವಂತ ವಿಳಾಸವನ್ನೇ ನೀಡಿ

ಪಟ್ಟಣಗಳಲ್ಲಿ ಅನೇಕರು ಕಂಪ್ಯೂಟರ್ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸುತ್ತಾರೆ. ಇ-ಮೇಲ್ ಇಲ್ಲದವರ ಅರ್ಜಿಯಲ್ಲಿ ಕೇಂದ್ರದವರ ವಿಳಾಸ ಸೇರಿದರೆ ಅಪಾಯ ತಪ್ಪಿದ್ದಲ್ಲ. ದೃಢೀಕರಣ ಸಂಖ್ಯೆ, ನವೀಕರಣದ ಸೂಚನೆಗಳೆಲ್ಲ ಪರರ ಪಾಲಾಗುತ್ತವೆ. ಸಹಿಯ ಖಾಸಗಿ ಕೀಲಿಯನ್ನು ಎಚ್ಚರಿಕೆಯಿಂದ ಕಾಯ್ದುಕೊಳ್ಳುವ ಹೊಣೆಯನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಸಹಿದಾರರ ಮೇಲೆಯೇ ಹೊರಿಸಿದೆ. ಟೋಕನ್, ಪಾಸ್‌ವರ್ಡ್, ಇ-ಮೇಲ್ ಮೂರೂ ಒಬ್ಬರದೇ ಕೈಸೇರಿದರೆ ನಿಮ್ಮ ಹೆಸರಿನಲ್ಲಿ ಅವರು ಸಹಿ ಹಾಕಬಹುದು.

ಆದ್ದರಿಂದ ಅರ್ಜಿಗೆ ಮುನ್ನ ಸ್ವಂತ ಇ-ಮೇಲ್ ತೆರೆಯುವುದು ಒಳಿತು. ಎರಡು ವಿಳಾಸ ಬೇಕಿದ್ದರೆ ವಿತರಕ ಸಂಸ್ಥೆ ಅದಕ್ಕೆ ಅವಕಾಶ ನೀಡುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಈಗಾಗಲೇ ಟೋಕನ್ ಪಡೆದವರು ಕಂಪ್ಯೂಟರ್‌ನಲ್ಲಿ ಪ್ರಮಾಣಪತ್ರವನ್ನು ತೆರೆದು, 'ಡೀಟೇಲ್ಸ್' ವಿಭಾಗದಲ್ಲಿ 'ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್' ಎಂಬಲ್ಲಿ ಯಾರ ವಿಳಾಸವಿದೆ ಎಂಬುದನ್ನು ಇಂದೇ ಪರಿಶೀಲಿಸಬಹುದು.