ಮೂರನೆಯವರಿಗೆ ಜಾಗವಿಲ್ಲದ ಕ್ವಾಂಟಂ ನಂಟು

ರಹಸ್ಯ ಸಂದೇಶ ಕಳುಹಿಸುವ ಇಬ್ಬರ ಬಳಿಯೂ ಒಂದೇ ಕೀಲಿ ಸಂಖ್ಯೆ ಇರಬೇಕು. ಆ ಕೀಲಿಯನ್ನು ಮೂರನೆಯವರು ಕದ್ದು ನೋಡಿಲ್ಲ ಎಂಬುದಕ್ಕೆ ಖಾತರಿ ಏನು? ಕ್ವಾಂಟಂ ಭೌತವಿಜ್ಞಾನ ಈ ಪ್ರಶ್ನೆಗೆ ನೀಡುವ ಉತ್ತರ ಕುತೂಹಲಕಾರಿಯಾಗಿದೆ.

ಒಂದು ಪತ್ರದ ಜೆರಾಕ್ಸ್ ಪ್ರತಿಗಳು ಮೂವರ ಬಳಿ ಇದ್ದರೆ, ಯಾವ ಇಬ್ಬರ ಪ್ರತಿಗಳನ್ನು ಹೋಲಿಸಿದರೂ ತಾಳೆಯಾಗುತ್ತವೆ. ಕ್ವಾಂಟಂ ಜಗತ್ತಿನ ನಿಯಮ ಬೇರೆ. ಅಲ್ಲಿ ಎರಡು ಕಣಗಳು ಪರಸ್ಪರ ಹೆಣೆದುಕೊಂಡಿರಬಲ್ಲವು. ಇದಕ್ಕೆ 'ಎಂಟ್ಯಾಂಗಲ್‌ಮೆಂಟ್' ಎಂದು ಹೆಸರು. 'ಅ' ಮತ್ತು 'ಬ' ಕಣಗಳು ಪೂರ್ಣವಾಗಿ ಹೆಣೆದುಕೊಂಡಿದ್ದರೆ 'ಕ' ಕಣಕ್ಕೆ ಅವೆರಡರೊಂದಿಗೂ ಕಿಂಚಿತ್ತೂ ನಂಟು ಇರಲಾರದು. 'ಅ-ಬ' ಜೋಡಿಯಾಗಲಿ, 'ಬ-ಕ' ಜೋಡಿಯಾಗಲಿ ಪ್ರತ್ಯೇಕವಾಗಿ ಪೂರ್ಣ ಹೆಣೆದುಕೊಂಡಿರಬಹುದು. ಏಕಕಾಲಕ್ಕೆ ಎರಡೂ ಹಾಗಿರುವುದು ಅಸಾಧ್ಯ. 2000ದಲ್ಲಿ ಕಾಫ್‌ಮನ್, ಕುಂಡು ಮತ್ತು ವೂಟರ್ಸ್ ಈ ಮಿತಿಯನ್ನು ಗಣಿತ ಸೂತ್ರವಾಗಿ ನಿರೂಪಿಸಿದರು.

ಈ ನಂಟು ಒಂದು ಸಂಪನ್ಮೂಲವೂ ಹೌದು. ದೂರದಲ್ಲಿರುವ ಇಬ್ಬರು ಫೋನಿನಲ್ಲಿ ಎಷ್ಟೇ ಮಾತನಾಡಿಕೊಂಡು, ತಮ್ಮ ತಮ್ಮ ಕಣಗಳ ಮೇಲೆ ಯಾವ ಪ್ರಯೋಗ ನಡೆಸಿದರೂ ಅದನ್ನು ಹೊಸದಾಗಿ ಸೃಷ್ಟಿಸಲಾಗದು. ಇರುವುದನ್ನು ಖರ್ಚು ಮಾಡಬಹುದಷ್ಟೇ.

ಹೆಣೆದ ಕಣಗಳಿಂದ ಕೀಲಿ ರಚಿಸುವ ವಿಧಾನವನ್ನು ಆರ್ಟರ್ ಎಕರ್ಟ್ 1991ರಲ್ಲಿ ಮುಂದಿಟ್ಟರು. ಕಳ್ಳಗಿವಿಯೊಂದು ಮಾಹಿತಿ ಪಡೆಯಲು ಯತ್ನಿಸಿದರೆ ಮೂಲ ಜೋಡಿಯ ನಂಟು ಸಡಿಲಗೊಳ್ಳುತ್ತದೆ. ಕೆಲವು ಕಣಗಳನ್ನು ಪರೀಕ್ಷಿಸಿದರೆ ಅದು ಬಯಲಾಗುತ್ತದೆ.

ಆದರೆ ಪ್ರಕೃತಿಯ ಈ ಖಾತರಿ ಉಪಕರಣಗಳಿಗೆ ಅನ್ವಯಿಸದು. ಬೆಳಕು ಗ್ರಹಿಸುವ ಸಾಧನಗಳ ದೌರ್ಬಲ್ಯ ಬಳಸಿ ಕ್ವಾಂಟಂ ಕೀಲಿ ವ್ಯವಸ್ಥೆಗೆ ನುಸುಳಬಹುದೆಂದು 2010ರಲ್ಲೇ ಸಂಶೋಧಕರು ತೋರಿಸಿದ್ದಾರೆ. ನಿಯಮ ಭದ್ರವಾಗಿದ್ದರೂ ಯಂತ್ರದ ಮೇಲೆ ಕಣ್ಣಿಟ್ಟಿರುವುದು ಅನಿವಾರ್ಯ.